ಬ್ರಾಂಕ್ಸ್‌ಗಿಂತ ಮೊದಲೇ ಬಂದಿದ್ದ ತಾಳ

ಹೈದರಾಬಾದಿನ ಮಾಸಬ್ ಟ್ಯಾಂಕ್ ಪಕ್ಕದ ಬಡಾವಣೆಯ ಹೆಸರು ಎ.ಸಿ. ಗಾರ್ಡ್ಸ್. ಏರ್ ಕಂಡೀಷನ್ ಅಂದುಕೊಂಡಿರಾ? ಅಲ್ಲ ಸ್ವಾಮಿ, ಆಫ್ರಿಕನ್ ಕ್ಯಾವಲ್ರಿ! ನಿಜಾಮನ ಆಫ್ರಿಕನ್ ಕುದುರೆ ದಳ! ಸಿದ್ದಿ ಸೈನಿಕರು ಕುಟುಂಬಸಮೇತ ನೆಲೆಸಿದ್ದು ಇಲ್ಲೇ. ನಿಜಾಮನ ಆಳ್ವಿಕೆ 1948ರಲ್ಲಿ ಮುಗಿಯಿತು, ಆಮೇಲೆ ದಳವೂ ಹೋಯಿತು. ಅವರ ಮರ್ಫಾ ಮಾತ್ರ ಜಪ್ಪಯ್ಯ ಅಂದರೂ ಜಾಗ ಬಿಡಲಿಲ್ಲ.

ಮರ್ಫಾ ಕೇಳಿದ್ದೀರಾ? ಹಳೇ ಊರಿನ ಮದುವೆ ಮೆರವಣಿಗೆಯಲ್ಲಿ ನಿಂತು ಕೇಳಬೇಕು. ಡಫ್ಫು, ಡೋಲು, ಅವುಗಳ ನಡುವೆ ಲೋಹದ ಬಿಂದಿಗೆಯ ಮೇಲೆ ಟಣಟಣ ಬೀಳುವ ಪೆಟ್ಟು. ರಾಗದ ಹಂಗಿಲ್ಲ, ಬರೀ ತಾಳ. ಎದುರಿಗೆ ಕೋಲು ತಿರುಗಿಸುತ್ತ ಕುಣಿಯುವ ಹುಡುಗರು. ಆಫ್ರಿಕಾದ ಸಿದ್ದಿಗಳು, ಯೆಮನ್‌ನಿಂದ ಬಂದು ಬಾರ್ಕಸ್‌ನಲ್ಲಿ ನೆಲೆನಿಂತ ಅರಬರು, ಇಬ್ಬರೂ ಸೇರಿ ಬೆಳೆಸಿದ ವಾದ್ಯಮೇಳ ಇದು.

ಈಗ ಸಮುದ್ರ ದಾಟಿ. 1973ರ ಆಗಸ್ಟ್ 11, ನ್ಯೂಯಾರ್ಕ್, ಬ್ರಾಂಕ್ಸ್, 1520 ಸೆಜ್‌ವಿಕ್ ಅವೆನ್ಯೂ. ತಂಗಿ ಸಿಂಡಿ ಏರ್ಪಡಿಸಿದ ಪಾರ್ಟಿಯಲ್ಲಿ ಜಮೈಕಾ ಮೂಲದ ಡಿಜೆ ಕೂಲ್ ಹರ್ಕ್ ರೆಕಾರ್ಡು ಹಾಕುತ್ತಿದ್ದ. ಮಿಕ್ಕ ವಾದ್ಯಗಳು ಬಾಯಿಮುಚ್ಚಿ ಡ್ರಮ್ ಒಂದೇ ಉಳಿಯುವ ಆ ನಾಲ್ಕಾರು ಕ್ಷಣಗಳಿಗೇ ಜನ ಹುಚ್ಚೆದ್ದು ಕುಣಿಯುವುದು ಅವನ ಕಣ್ಣಿಗೆ ಬಿದ್ದಿತ್ತು. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಣುಕನ್ನೇ ಹಿಗ್ಗಿಸತೊಡಗಿದ. ಹಿಪ್ ಹಾಪ್ ಹುಟ್ಟಿದ್ದು ಹಾಗೆ. ರಾಗ ಸರಿಸಿ ತಾಳವನ್ನೇ ಮುಂದಿಡುವ ಆ ಉಪಾಯ ಮರ್ಫಾದವರಿಗೆ ಹೊಸದೇ? ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಆದರೂ ರೋಮಾಂಚನವಾಗುತ್ತದೆ!

ಅಂಥ ತಾಳದ ಊರು ಹೈದರಾಬಾದಿಗೆ ರ‍್ಯಾಪ್ ಬಂದರೆ ಸುಮ್ಮನಿರುತ್ತದೆಯೇ? ತೆಲುಗಿನಲ್ಲಿ ರೋಲ್ ರಿಡಾ ರ‍್ಯಾಪ್ ಮಾಡುತ್ತಲೇ 2018ರ ಬಿಗ್ ಬಾಸ್ ಮನೆ ಹೊಕ್ಕರು. ಅದೇ ವರ್ಷದ ಕೊನೆಗೆ ರುಹಾನ್ ಅರ್ಷದ್ ಅವರ ‘ಮಿಯಾ ಭಾಯ್’ ಬಂತು ನೋಡಿ, ಟಿಕ್‌ಟಾಕ್ ತುಂಬ ಅದೇ ಕುಣಿತ! ಕೋಟಿಗಟ್ಟಲೆ ಜನ ನೋಡಿದರು. ಅಮೆರಿಕದ ಉಚ್ಚಾರಣೆಯ ಅನುಕರಣೆ ಇಲ್ಲ. ಚಾರ್‌ಮಿನಾರಿನ ಗಲ್ಲಿಯ ದಖನಿ ಉರ್ದು, ಅಲ್ಲಿಯದೇ ಧಾಟಿ. ಎರಡೇ ವರ್ಷದಲ್ಲಿ, 2020ರಲ್ಲಿ, ಧಾರ್ಮಿಕ ಕಾರಣ ಕೊಟ್ಟು ಅವರು ಹಾಡುವುದನ್ನೇ ಬಿಟ್ಟರು. ಹಾಡು ಅವರನ್ನು ಕೇಳದೆ ಓಡುತ್ತಲೇ ಇತ್ತು.

ಇನ್ನೊಂದು ಬೆರಗು ನಮ್ಮ ಮನೆಯದೇ. ಆ ದಖನಿ ಮಾತು ಹೈದರಾಬಾದಿನ ಸ್ವಂತ ಆಸ್ತಿಯೇನಲ್ಲ. ಬಹಮನಿ ಸುಲ್ತಾನರ ಬೀದರಿನಲ್ಲಿ, 15ನೇ ಶತಮಾನದಲ್ಲಿ, ನಿಜಾಮಿ ಎಂಬ ಕವಿ ‘ಕದಮ್ ರಾವ್ ಪದಮ್ ರಾವ್’ ಬರೆದದ್ದು ದಖನಿಯಲ್ಲೇ. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಕಲಬುರಗಿಯ ಆಟೋ ಸ್ಟ್ಯಾಂಡಿನಲ್ಲಿ ಹೈದರಾಬಾದಿ ರ‍್ಯಾಪ್ ಹಾಕಿ, ಯಾರೂ ಅರ್ಥ ಕೇಳುವುದಿಲ್ಲ.

ಸಿದ್ದಿಗಳು ನಮ್ಮ ಯಲ್ಲಾಪುರ, ಹಳಿಯಾಳಗಳಲ್ಲೂ ಇದ್ದಾರೆ, ತಮ್ಮ ಡಮಾಮಿ ಡೋಲು ಬಾರಿಸುತ್ತಾರೆ. ಕನ್ನಡದ ರ‍್ಯಾಪ್ ಹುಡುಗರೇ, ಲ್ಯಾಪ್‌ಟಾಪಿನಲ್ಲಿ ಬೀಟು ಹುಡುಕುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.