ಕ್ರಿಸ್‌ಮಸ್ಸಿನ ಜಿಂಜರ್‌ಬ್ರೆಡ್ ಮನೆ

ಜರ್ಮನಿಯಲ್ಲಿಯೂ ಅದರ ಉತ್ತರಕ್ಕಿರುವ ಸ್ವೀಡನ್, ನಾರ್ವೆ ದೇಶಗಳಲ್ಲಿಯೂ ಡಿಸೆಂಬರ್ ಮಾಸ ಕಾಲಿಟ್ಟು, ಸಂಜೆಯಾಗುವುದಕ್ಕೆ ಮೊದಲೇ ಕತ್ತಲೆ ಕವಿದು, ಮಕ್ಕಳಿಗೆ ಹೊರಗೆ ಆಡುವುದು ದುಸ್ಸಾಧ್ಯವಾಗುವ ದಿನಗಳಲ್ಲಿ, ಮನೆಮನೆಯ ಅಡಿಗೆಯ ಕೋಣೆಯಲ್ಲಿ ಒಂದು ಪುಟ್ಟ ಕಟ್ಟಡದ ಕೆಲಸ ಆರಂಭವಾಗುತ್ತದೆ. ಅದರ ಗೋಡೆ, ಛಾವಣಿಗಳು ಜೇನು ಸಂಬಾರಗಳನ್ನು ಬೆರಸಿ ಸುಟ್ಟ ಗಟ್ಟಿ ಬಿಸ್ಕತ್ತಿನವು; ಅವುಗಳನ್ನು ಬೆಸೆಯುವ ಗಾರೆ ಮೊಟ್ಟೆಯ ಬಿಳಿಯಲ್ಲಿ ಕಡೆದ ಸಕ್ಕರೆ; ಕಟ್ಟುವವರು ಮಕ್ಕಳು. ಇದೇ ಜಿಂಜರ್‌ಬ್ರೆಡ್ ಮನೆ. ಹಿರಿಯರು ಮಕ್ಕಳ ಜೊತೆಯಲ್ಲಿ ಕುಳಿತು ಮಾಡಬಹುದಾದ ಹಬ್ಬದ ಕೆಲಸಗಳಲ್ಲಿ ಇದಕ್ಕಿಂತ ಉತ್ತಮವಾದುದನ್ನು ನಾನು ಅರಿಯೆ.

ಈ ತಿನಿಸಿನ ವಂಶಚರಿತ್ರೆ ದೀರ್ಘವಾದುದು. ಜರ್ಮನಿಯ ನ್ಯೂರೆಂಬರ್ಗ್ ನಗರವನ್ನು ಬಳಸಿದ್ದ ವಿಶಾಲ ಅರಣ್ಯದಲ್ಲಿ ಜೇನುಸಾಕಣೆಯನ್ನೇ ವೃತ್ತಿಯಾಗುಳ್ಳ ಜನರಿದ್ದರು. ವೆನಿಸ್ಸಿನಿಂದ ಆಲ್ಪ್ಸ್ ಪರ್ವತಗಳನ್ನು ದಾಟಿ ಬರುವ ವ್ಯಾಪಾರದ ದಾರಿಯೊಂದು ಆ ನಗರವನ್ನು ಮುಟ್ಟುತ್ತಿತ್ತು. ಆ ದಾರಿಯಲ್ಲಿ ಬಂದ ಮೂಟೆಗಳೊಳಗಿನ ಮೆಣಸು, ಶುಂಠಿ, ಏಲಕ್ಕಿಗಳು ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಹಡಗನ್ನೇರಿ, ಅರಬ್ಬರ ಕೈಯಿಂದ ವೆನಿಸ್ಸಿನ ವರ್ತಕರ ಕೈಗೆ ಸಾಗಿ ಬಂದಂಥವು. ಹೀಗೆ ಸಹ್ಯಾದ್ರಿಯ ಸಂಬಾರವೂ ಜರ್ಮನಿಯ ಕಾಡಿನ ಜೇನೂ ಒಂದೇ ಕಣಕದಲ್ಲಿ ಕೂಡಿದ ಫಲವೇ ಲೆಬ್‌ಕೂಖನ್ ಎಂಬ ಅಲ್ಲಿನ ಪ್ರಸಿದ್ಧ ಭಕ್ಷ್ಯ. 1487ರಲ್ಲಿ ಚಕ್ರವರ್ತಿ ಮೂರನೆಯ ಫ್ರೆಡರಿಕ್ ಆ ನಗರದಲ್ಲಿ ಬೀಡುಬಿಟ್ಟಿದ್ದಾಗ, ಊರಿನ ಮಕ್ಕಳನ್ನೆಲ್ಲ ಕೋಟೆಯ ಕಂದಕದ ಬಳಿಗೆ ಕರೆಸಿ ಅವರಿಗೆ ಈ ಭಕ್ಷ್ಯವನ್ನು ಹಂಚಿಸಿದನೆಂದೂ, ಕೂಡಿದ ಮಕ್ಕಳು ಸುಮಾರು 4,000 ಮಂದಿಯೆಂದೂ ಹೇಳುತ್ತಾರೆ. ಮುಂದೆ 1643ರಲ್ಲಿ ಇದನ್ನು ತಯಾರಿಸುವವರಿಗೆ ತಮ್ಮದೇ ಆದ ವೃತ್ತಿಸಂಘ ದೊರೆಯಿತು. 1996ರಿಂದ ಯೂರೋಪಿನ ಕಾನೂನಿನಂತೆ ನ್ಯೂರೆಂಬರ್ಗಿನ ಹೆಸರನ್ನು ಆ ನಗರದಲ್ಲಿಯೇ ತಯಾರಾದ ಲೆಬ್‌ಕೂಖನ್ನಿಗೆ ಮಾತ್ರ ಇಡಬಹುದಾಗಿದೆ.

ಭಕ್ಷ್ಯವು ಮನೆಯಾದದ್ದಕ್ಕೆ ಒಂದು ಕಥೆ ಕಾರಣವೆನ್ನುತ್ತಾರೆ. ಗ್ರಿಮ್ ಸೋದರರು 1812ರಲ್ಲಿ ಪ್ರಕಟಿಸಿದ ಜಾನಪದ ಕಥೆಗಳಲ್ಲಿ ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಎಂಬ ಅಣ್ಣತಂಗಿಯರ ವೃತ್ತಾಂತವೊಂದುಂಟು. ನಾಡಿಗೆ ಕ್ಷಾಮ ಬಂದು, ಇದ್ದ ರೊಟ್ಟಿ ನಾಲ್ವರಿಗೆ ಸಾಲದೆ, ಹೆತ್ತವರೇ ಮಕ್ಕಳನ್ನು ಕಾಡಿನಲ್ಲಿ ಬಿಟ್ಟುಬಂದಾಗ, ಹಸಿದು ಅಲೆಯುವ ಆ ಎಳೆಯರ ಕಣ್ಣಿಗೆ ರೊಟ್ಟಿಯ ಗೋಡೆ, ಕೇಕಿನ ಮಾಡು, ಸಕ್ಕರೆಯ ಕಿಟಕಿಗಳಿದ್ದ ಗುಡಿಸಲೊಂದು ಬೀಳುತ್ತದೆ. ಅದರೊಳಗಿದ್ದವಳು ನರಭಕ್ಷಕಿಯಾದ ಮಾಟಗಾತಿ ಎಂಬುದನ್ನು ಎಲ್ಲರೂ ನೆನಪಿಡುತ್ತಾರೆ. ಆದರೆ ಆ ಮನೆ ಹುಟ್ಟಿದ್ದು ಬಡವರ ಹಸಿವಿನಿಂದ ಎಂಬುದು ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ. ಹೊಟ್ಟೆ ತುಂಬ ಉಣ್ಣದ ಮಗುವಿನ ಕಲ್ಪನೆಗೆ ಅರಮನೆಯೆಂದರೆ ತಿನ್ನಬಹುದಾದ ಗೋಡೆಯೇ ಅಲ್ಲವೆ?

ಕಥೆ ಪ್ರಸಿದ್ಧವಾದಂತೆ ಜರ್ಮನಿಯ ಬೇಕರಿಯವರು ಅಂತಹ ಮನೆಗಳನ್ನು ಮಾಡತೊಡಗಿದರು. ಇಂದಿಗೂ ಅಲ್ಲಿ ಅದಕ್ಕೆ ಮಾಟಗಾತಿಯ ಮನೆಯೆಂದೇ ಹೆಸರು. ಕ್ರಿಸ್‌ಮಸ್ಸಿಗೂ ಈ ಕಥೆಗೂ ಇರುವ ನಂಟನ್ನು ಬಿಗಿಗೊಳಿಸಿದ್ದು ಸಂಗೀತ. ಅಡೆಲ್‌ಹೈಡ್ ವೆಟ್ ಎಂಬ ಮಹಿಳೆ ಮನೆಯ ಮಕ್ಕಳ ಆಟಕ್ಕಾಗಿ ಈ ಕಥೆಯನ್ನು ಪದ್ಯಗಳಲ್ಲಿ ಬರೆದು, ಅವಕ್ಕೆ ರಾಗ ಹಾಕಿಕೊಡಬೇಕೆಂದು ತನ್ನ ಅಣ್ಣ ಎಂಗೆಲ್‌ಬರ್ಟ್ ಹುಂಪರ್ಡಿಂಕನನ್ನು ಕೇಳಿದಳು. ಆ ಮನೆಯಾಟವೇ ಬೆಳೆದು ಸಂಪೂರ್ಣ ಗೀತನಾಟಕವಾಗಿ, 1893ರ ಡಿಸೆಂಬರ್ 23ರಂದು ವೈಮರ್ ನಗರದಲ್ಲಿ ಸಂಗೀತಗಾರ ರಿಚರ್ಡ್ ಸ್ಟ್ರಾಸನ ವಾದ್ಯವೃಂದ ನಿರ್ದೇಶನದಲ್ಲಿ ರಂಗವೇರಿತು. ಮಾಟಗಾತಿ ಜಿಂಜರ್‌ಬ್ರೆಡ್ ಆಗಿ ಮಾಡಿಟ್ಟಿದ್ದ ಮಕ್ಕಳೆಲ್ಲ ಕಡೆಯಲ್ಲಿ ಮತ್ತೆ ಜೀವ ತಳೆಯುವ ಆ ನಾಟಕವನ್ನು ಜರ್ಮನಿಯಲ್ಲಿ ಈಗಲೂ ವರ್ಷಾಂತ್ಯದ ದಿನಗಳಲ್ಲಿ ಆಡುತ್ತಾರೆ.

ಇನ್ನು ಕಟ್ಟುವ ಕ್ರಮ. ಹಿಟ್ಟಿನ ತೂಕದ ಅರ್ಧದಷ್ಟು ಜೇನನ್ನೋ ಕಾಕಂಬಿಯನ್ನೋ ಬೆಣ್ಣೆಯೊಡನೆ ಬಿಸಿಮಾಡಿ ಆರಿಸಿ, ಅದಕ್ಕೆ ಗೋಧಿಯ ಹಿಟ್ಟು, ಶುಂಠಿ, ದಾಲ್ಚಿನ್ನಿ, ಲವಂಗ, ಏಲಕ್ಕಿ, ಜಾಯಿಕಾಯಿಗಳ ಪುಡಿ ಸೇರಿಸಿ ಗಟ್ಟಿಯಾಗಿ ನಾದುತ್ತಾರೆ. ಉಬ್ಬಿಸುವ ಸೋಡಾ ತೀರ ಅಲ್ಪವಾಗಿರಬೇಕು. ಹೆಚ್ಚಾದರೆ ಗೋಡೆಗಳು ಊದಿ ಅಂಚುಗಳು ಕೂಡುವುದಿಲ್ಲ. ನಾದಿದ ಕಣಕವನ್ನು ಒಂದು ರಾತ್ರಿ ಹಾಗೆಯೇ ಬಿಡುವುದು ರೂಢಿ. ಆ ಅವಧಿಯಲ್ಲಿ ಹಿಟ್ಟು ತೇವವನ್ನು ಹೀರಿ, ಜಿಗುಟು ಅಡಗಿ, ಲಟ್ಟಣಿಗೆಗೆ ವಿಧೇಯವಾಗುತ್ತದೆ. ಬೆಳಗಾಗುವವರೆಗೆ ಕಾಯಬೇಕೆಂಬ ಮಾತನ್ನು ಮಕ್ಕಳು ಒಪ್ಪುವುದು ಕಷ್ಟ. ಆದರೂ ಈ ವಿಷಯದಲ್ಲಿ ಅವರ ಹಟಕ್ಕೆ ಮಣಿಯಬಾರದು.

ಮರುದಿನ ರಟ್ಟಿನಲ್ಲಿ ಕತ್ತರಿಸಿದ ಆರು ಅಳತೆಗಳನ್ನು, ಎಂದರೆ ನೆತ್ತಿ ತ್ರಿಕೋನವಾಗಿರುವ ಎರಡು ಗೋಡೆ, ಉದ್ದನೆಯ ಎರಡು ಗೋಡೆ, ಎರಡು ಮಾಡುಗಳನ್ನು, ಸುಮಾರು ಐದು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿದ ಕಣಕದ ಮೇಲಿಟ್ಟು ಕೊಯ್ಯಬೇಕು. ಕಿಟಕಿಯ ಕಂಡಿಯಲ್ಲಿ ಬಣ್ಣದ ಗಟ್ಟಿ ಪೆಪ್ಪರ್‌ಮೆಂಟನ್ನು ಕುಟ್ಟಿ ತುಂಬಿದರೆ ಓವನ್ನಿನ ಶಾಖಕ್ಕೆ ಅದು ಕರಗಿ, ಆರಿದ ಮೇಲೆ ಗಾಜಿನಂತೆ ನಿಲ್ಲುತ್ತದೆ. ಒಳಗೊಂದು ಸಣ್ಣ ವಿದ್ಯುದ್ದೀಪವಿಟ್ಟಾಗ ಆ ಬಣ್ಣಗಳು ಬೆಳಗುವ ಪರಿಯನ್ನು ಕಂಡ ಮಗು ಅದನ್ನು ಮರೆಯಲಾರದು. ಸುಟ್ಟ ಹಲಗೆಗಳು ಬಿಸಿಯಾಗಿರುವಾಗಲೇ ಅಂಚುಗಳನ್ನು ಅಳತೆಗೆ ಸರಿಯಾಗಿ ಕೊಯ್ದು ನೇರಗೊಳಿಸಬೇಕು. ಇದು ಹಿರಿಯರ ಕೆಲಸ. ಸ್ವೀಡನ್ನಿನಲ್ಲಿ ಅನೇಕರು ಕುದಿಯುವ ಸಕ್ಕರೆಯ ಪಾಕದಿಂದ ಗೋಡೆಗಳನ್ನು ಅಂಟಿಸುತ್ತಾರೆ. ಅದು ಕ್ಷಣದಲ್ಲಿ ಹಿಡಿಯುವುದಾದರೂ ಕೈಯನ್ನು ಘೋರವಾಗಿ ಸುಡುವಂಥದಾದ್ದರಿಂದ, ಮಕ್ಕಳಿರುವೆಡೆ ಸಕ್ಕರೆಪುಡಿಯ ಐಸಿಂಗೇ ಯೋಗ್ಯ. ಒಂದು ಮೊಟ್ಟೆಯ ಬಿಳಿಗೆ 200ರಿಂದ 250 ಗ್ರಾಂ ನುಣ್ಣನೆಯ ಸಕ್ಕರೆಪುಡಿ ಹಾಕಿ, ಎತ್ತಿದ ಚಮಚದಿಂದ ಜಾರದಷ್ಟು ಗಟ್ಟಿಯಾಗಿ ಕಡೆದು, ಒಣಗದಂತೆ ಒದ್ದೆ ಬಟ್ಟೆ ಮುಚ್ಚಿಡಬೇಕು. ನಾಲ್ಕು ಗೋಡೆಗಳನ್ನು ನಿಲ್ಲಿಸಿ ಕೆಲವು ಗಂಟೆಗಳ ಕಾಲ ಒಣಗಲು ಬಿಟ್ಟ ಮೇಲೆಯೇ ಮಾಡನ್ನು ಏರಿಸುವುದು. ಅವಸರಪಟ್ಟಲ್ಲಿ ಭಾರಕ್ಕೆ ಗೋಡೆಗಳು ಹೊರಚಾಚಿ ಮನೆ ಕುಸಿಯುತ್ತದೆ.

ಅಲಂಕಾರವೆಲ್ಲ ಮಕ್ಕಳದು. ಮಾಡಿನ ಅಂಚಿನಿಂದ ಇಳಿಯುವ ಹಿಮವನ್ನೂ, ಬಾದಾಮಿಯ ಬೇಲಿಯನ್ನೂ, ಬಾಗಿಲ ಮೇಲಿನ ಮಿಠಾಯಿಯ ಸಾಲನ್ನೂ ಅವರು ತಮಗೆ ತೋಚಿದಂತೆ ಇಡುವಾಗ ಸರಿಪಡಿಸಲು ಕೈನೀಡುವ ತಾಯ್ತಂದೆಯರು ಸುಂದರವಾದ ಮನೆಯೊಂದನ್ನು ಪಡೆದು ಮಗುವಿನ ಮನೆಯನ್ನು ಕಳೆಯುತ್ತಾರೆ. ಸುಟ್ಟ ಹಲಗೆಗಳನ್ನೂ ಐಸಿಂಗನ್ನೂ ಪೆಟ್ಟಿಗೆಯಲ್ಲಿಟ್ಟು ಈಗ ಅಂಗಡಿಗಳಲ್ಲಿ ಮಾರುವುದುಂಟು. ಅದರಲ್ಲಿ ಶ್ರಮ ಉಳಿಯುವುದು ನಿಜ. ಸಂಬಾರದ ಪರಿಮಳ ಮನೆಯನ್ನೆಲ್ಲ ತುಂಬುವ ಆ ಗಳಿಗೆಯೂ ಶ್ರಮದೊಡನೆ ಹೋಗಿಬಿಡುತ್ತದೆ.

ಮಕ್ಕಳ ಈ ಕಲೆಯನ್ನು ಊರಿನ ಉತ್ಸವವನ್ನಾಗಿ ಮಾಡಿದ ಕೀರ್ತಿ ನಾರ್ವೆಯ ಬರ್ಗನ್ ನಗರದ್ದು. 1991ರಿಂದ ಅಲ್ಲಿ ಶಿಶುವಿಹಾರಗಳೂ ಶಾಲೆಗಳೂ ಕುಟುಂಬಗಳೂ ತಾವು ಕಟ್ಟಿದ ಮನೆಗಳನ್ನು ತಂದು ಒಂದೆಡೆ ಜೋಡಿಸಿ, ಬೆಟ್ಟ, ಬಂದರು, ಓಡುವ ರೈಲುಗಳಿರುವ ಜಿಂಜರ್‌ಬ್ರೆಡ್ ಪಟ್ಟಣವನ್ನು ನಿರ್ಮಿಸುತ್ತಾರೆ. 2009ರ ನವೆಂಬರ್‌ನಲ್ಲಿ ದುಷ್ಕರ್ಮಿಗಳು ಒಳನುಗ್ಗಿ ಆ ಪಟ್ಟಣವನ್ನು ಪುಡಿಮಾಡಿದಾಗ, ಊರಿಗೆ ಊರೇ ಮತ್ತೆ ಹಿಟ್ಟು ನಾದಿ, ಸುಟ್ಟು, ಕಟ್ಟಿ ಅದನ್ನು ಪುನಃ ನಿಲ್ಲಿಸಿತು.

ಕಟ್ಟಿದ ಮನೆಯನ್ನು ಬಹುಕಾಲ ಇಡುವಂತಿಲ್ಲ. ಜೇನು ಗಾಳಿಯ ತೇವವನ್ನು ಸೆಳೆಯುವುದರಿಂದ ಗೋಡೆಗಳು ದಿನೇ ದಿನೇ ಮೃದುವಾಗುತ್ತವೆ. ಸ್ವೀಡನ್ನಿನಲ್ಲಿ ಜನವರಿ 13ರಂದು, ಕ್ರಿಸ್‌ಮಸ್ ಮರವನ್ನು ಹೊರಹಾಕುವ ದಿನ, ಮಕ್ಕಳು ಮನೆಯನ್ನು ಒಡೆದು ಹಂಚಿಕೊಂಡು ತಿನ್ನುತ್ತಾರೆ. ನಮ್ಮಲ್ಲಿ ಯಾರಾದರೂ ಇದನ್ನು ಮಾಡಬಯಸಿದರೆ, ಬೇಕಾದ ಸಂಬಾರವೆಲ್ಲ ಅಡಿಗೆಯ ಮನೆಯ ಡಬ್ಬಿಯಲ್ಲಿಯೇ ಇದೆ. ಕರಾವಳಿಯ ತೇವದಲ್ಲಿ ಹಲಗೆಗಳನ್ನು ಇನ್ನಷ್ಟು ಗಟ್ಟಿಯಾಗಿ ಸುಡಿರಿ, ಇರುವೆ ಹತ್ತದಂತೆ ತಟ್ಟೆಯನ್ನು ನೀರಿನ ನಡುವೆ ಇರಿಸಿರಿ, ಮೊದಲನೆಯ ಗೋಡೆಯನ್ನು ಮಗುವಿನ ಕೈಯಿಂದಲೇ ನಿಲ್ಲಿಸಿರಿ.