ವೈಫೈಗೂ ಉಂಟು ಪ್ರಾಕ್ಸಿ ಹಾಜರಿ

‘ಫೋನ್ ಅದ ಐತ್ರಿ ಸರ, ಪಾಸ್‌ವರ್ಡ್ ಸೈತ ಅದ ಐತಿ. ಆದ್ರ ವೈಫೈ ಹತ್ತವಲ್ದು!’

ತಿಕೋಟಾ, ಬಬಲೇಶ್ವರದಿಂದ ಬೆಳಗಿನ ಬಸ್ ಹಿಡಿದು ವಿಜಯಪುರಕ್ಕೆ ಓದಲು ಬರುವವರಿಗೆ ಇದು ಸಣ್ಣ ಮಾತಲ್ಲ. ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ, ಡೇಟಾ ಖಾಲಿ, ನಂಬಿಕೊಂಡಿದ್ದು ಕಾಲೇಜಿನ ವೈಫೈ ಒಂದನ್ನೇ.

ಹಲವು ಕಾಲೇಜು, ಹಾಸ್ಟೆಲ್‌ಗಳಲ್ಲಿ ಪಾಸ್‌ವರ್ಡ್ ಗೊತ್ತಿದ್ದರೆ ಸಾಲದು. ಫೋನಿನ ‘ಮ್ಯಾಕ್ ಅಡ್ರೆಸ್’ ಕೂಡ ಬರೆಸಿರಬೇಕು. ಇದು ಯಂತ್ರದ ನೆಟ್‌ವರ್ಕ್ ಚಿಪ್‌ಗೆ ತಯಾರಕರು ಕೊಡುವ 48 ಬಿಟ್‌ಗಳ ಗುರುತು. ಬರೆಯುವಾಗ 12 ಅಂಕಿ–ಅಕ್ಷರ. ಮೊದಲ ಆರು ಯಾವ ಕಂಪನಿ ಎಂದು ಹೇಳುತ್ತವೆ. ಪಟ್ಟಿಯಲ್ಲಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ.

ತೊಂದರೆ ಎಂದರೆ, ಈಗ ಫೋನ್‌ಗಳು ತಮ್ಮ ನಿಜವಾದ ಹೆಸರು ಹೇಳುವುದಿಲ್ಲ. ಹೋದಲ್ಲೆಲ್ಲ ಯಾರೂ ಬೆನ್ನುಹತ್ತಬಾರದೆಂದು 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14ರಿಂದ ಒಂದೊಂದು ವೈಫೈಗೆ ಒಂದೊಂದು ಸುಳ್ಳು ವಿಳಾಸ ಕೊಡುತ್ತವೆ. ಫೋನ್ ರೀಸೆಟ್ ಮಾಡಿದರೆ ಅದೂ ಬದಲಾಗುತ್ತದೆ. ವಿಳಾಸದ ಎರಡನೇ ಸ್ಥಾನದಲ್ಲಿ 2, 6, ಎ ಅಥವಾ ಇ ಇದ್ದರೆ ಅದು ಇಂಥ ತಾತ್ಕಾಲಿಕ ಹೆಸರು ಎಂದೇ ತಿಳಿಯಿರಿ. ವೈಫೈ ಸೆಟ್ಟಿಂಗ್ಸ್‌ನಲ್ಲಿ ಆ ನೆಟ್‌ವರ್ಕ್‌ಗೆ ಮಾತ್ರ ‘ಡಿವೈಸ್ ಮ್ಯಾಕ್’ ಆರಿಸಿ (ಐಫೋನ್‌ನಲ್ಲಿ ‘ಪ್ರೈವೇಟ್ ವೈಫೈ ಅಡ್ರೆಸ್’ ಆಫ್ ಮಾಡಿ), ಆ ವಿಳಾಸವನ್ನೇ ಬರೆಸಿ.

ಇಷ್ಟೆಲ್ಲ ಕಾಟ ಕೊಟ್ಟರೂ ಈ ಪದ್ಧತಿ ಗಟ್ಟಿಯೇ? ಅಲ್ಲ. ತಲೆ ಎತ್ತದೆ ಹಾಜರಿ ಕೂಗುವ ಮೇಷ್ಟ್ರನ್ನು ನೆನಪಿಸಿಕೊಳ್ಳಿ. ಹಿಂದಿನ ಬೆಂಚಿನಿಂದ ಯಾರು ‘ಎಸ್ ಸರ್’ ಅಂದರೂ ಹಾಜರಿ ಬಿತ್ತು. ಮ್ಯಾಕ್ ಅಡ್ರೆಸ್ ಗಾಳಿಯಲ್ಲಿ ಮುಚ್ಚುಮರೆಯಿಲ್ಲದೆ ಹರಿದಾಡುತ್ತದೆ. ಪಾಸ್‌ವರ್ಡ್ ಇರುವ ವೈಫೈನಲ್ಲೂ ಅಷ್ಟೇ. ಅದನ್ನು ನಕಲು ಮಾಡುವುದು ಕಷ್ಟವಲ್ಲ. 2010ರಲ್ಲಿ ಅಮೆರಿಕದ ಎಂಐಟಿಯಲ್ಲಿ ಆರನ್ ಸ್ವಾರ್ಟ್ಜ್ ಎಂಬ ಯುವಕ ಜೆಸ್ಟೋರ್‌ನಿಂದ ರಾಶಿಗಟ್ಟಲೆ ಸಂಶೋಧನಾ ಲೇಖನ ಇಳಿಸಿಕೊಳ್ಳುತ್ತಿದ್ದಾಗ ಸಂಸ್ಥೆ ಅವನ ಲ್ಯಾಪ್‌ಟಾಪಿನ ವಿಳಾಸವನ್ನು ತಡೆಯಿತು. ಕೊನೆಯ ಒಂದು ಅಕ್ಷರ ಬದಲಿಸಿ ಆತ ಮತ್ತೆ ಒಳಬಂದ ಎಂದು ಆರೋಪಪಟ್ಟಿ ಹೇಳಿತು. (ಆ ಪ್ರಕರಣ ಮುಗಿದ ರೀತಿ ಬಹಳ ನೋವಿನದು. ಇಲ್ಲಿ ಪ್ರಯತ್ನಿಸಿ ನೋಡುವವರಿಗೆ ಐಟಿ ಕಾಯ್ದೆ 2000 ಇದೆ, ನೆನಪಿರಲಿ.)

ಹಾಗಾಗಿ ಪಟ್ಟಿಯಲ್ಲಿ ಹೆಸರಿದೆ ಎಂಬ ಒಂದೇ ಕಾರಣಕ್ಕೆ ಯಾರದೋ ಡೌನ್‌ಲೋಡಿಗೆ ಇನ್ಯಾರನ್ನೋ ಪ್ರಿನ್ಸಿಪಾಲರ ಕೊಠಡಿಗೆ ಕರೆಸುವುದು ಅನ್ಯಾಯ. ಕೇಳಬೇಕಾದದ್ದು ಯಂತ್ರವನ್ನಲ್ಲ, ಮನುಷ್ಯನನ್ನು. ಒಬ್ಬೊಬ್ಬರಿಗೂ ಬೇರೆ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ರೇಡಿಯಸ್ ಸರ್ವರ್ ಮೂಲಕ ಪರೀಕ್ಷಿಸುವ 802.1ಎಕ್ಸ್ ಪದ್ಧತಿ ಬಂದು ಇಪ್ಪತ್ತು ವರ್ಷ ದಾಟಿದೆ. ಒಂದು ಕಾಲೇಜಿನ ಲಾಗಿನ್‌ನಿಂದ ಇನ್ನೊಂದು ಕಾಲೇಜಿನ ವೈಫೈ ಬಳಸಲು ಬಿಡುವ ‘ಎಜುರೋಮ್’ ನಿಂತಿರುವುದು ಇದರ ಮೇಲೆಯೇ. ನಮ್ಮ ದೇಶದಲ್ಲಿ ಅದನ್ನು ಅರ್ನೆಟ್ ಸಂಸ್ಥೆ ನೋಡಿಕೊಳ್ಳುತ್ತದೆ.

ಹಾಗಂತ ಮ್ಯಾಕ್ ಪಟ್ಟಿ ದಂಡವೇನಲ್ಲ. ಪ್ರಿಂಟರ್, ಸಿಸಿಟಿವಿ, ಬೆರಳಚ್ಚು ಹಾಜರಿ ಯಂತ್ರಗಳಿಗೆ ಪಾಸ್‌ವರ್ಡ್ ಟೈಪ್ ಮಾಡಲು ಬರುವುದಿಲ್ಲವಲ್ಲ! ಅವನ್ನು ವಿಳಾಸ ನೋಡಿಯೇ ಒಳಗೆ ಬಿಟ್ಟು, ಪ್ರತ್ಯೇಕ ವಿಲ್ಯಾನ್‌ನಲ್ಲಿ ಕೂರಿಸುತ್ತಾರೆ. ಇದಕ್ಕೆ ‘ಮ್ಯಾಕ್ ಅಥೆಂಟಿಕೇಶನ್ ಬೈಪಾಸ್’ ಎಂದು ಹೆಸರು. ನೆಟ್‌ವರ್ಕಿಂಗ್ ಕೆಲಸದ ಇಂಟರ್‌ವ್ಯೂಗೆ ಹೊರಟವರು ಇದಕ್ಕೂ 802.1ಎಕ್ಸ್‌ಗೂ ಏನು ವ್ಯತ್ಯಾಸ ಎಂಬುದನ್ನು ಬಸ್ಸಿನಲ್ಲೇ ಒಮ್ಮೆ ಮನನ ಮಾಡಿಕೊಳ್ಳಿ.