ಪ್ರವಾಸಿಯ ಬಿಡಾರ
ಮೈಸೂರಿನ ಚಾಮುಂಡಿ ಬೆಟ್ಟದ ಸಮೀಪದಲ್ಲಿ ಶ್ವೇತವರ್ಣದಿಂದ ಶೋಭಿಸುವ ಲಲಿತಮಹಲನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಕಟ್ಟಿಸಲಾರಂಭಿಸಿದುದು ವೈಸರಾಯರ ವಾಸ್ತವ್ಯಕ್ಕಾಗಿ. 1974ರಲ್ಲಿ ಅದು ಹೋಟೆಲಾಗಿ ಪರಿವರ್ತಿತವಾದಾಗ, ರಾಜಪ್ರತಿನಿಧಿಗೆಂದು ಮೀಸಲಾಗಿದ್ದ ಸೌಖ್ಯವು ಹಣ ತೆರಬಲ್ಲ ಯಾವ ಪ್ರವಾಸಿಗೂ ಲಭ್ಯವಾಯಿತು. ಅಂಥ ಕಟ್ಟಡದ ಸೂಟಿನಲ್ಲಿ, ಅಂದರೆ ಮಲಗುವ ಕೋಣೆಯೊಡನೆ ಪ್ರತ್ಯೇಕವಾದ ಹಜಾರವೂ ಇರುವ ಬಿಡಾರದಲ್ಲಿ, ಒಂದು ರಾತ್ರಿ ತಂಗಬೇಕೆಂಬ ಆಸೆ ಮಧ್ಯಮವರ್ಗದ ಗೃಹಸ್ಥನಿಗೆ ಹುಟ್ಟಿದರೆ ಅದನ್ನು ದುಂದುಗಾರಿಕೆಯೆಂದು ನಾನು ಹಳಿಯಲಾರೆ. ಆ ಆಸೆಯನ್ನು ಯಾವ ದಿನ, ಯಾರ ಸಂಗಡ ಪೂರೈಸಿಕೊಳ್ಳಬೇಕೆಂಬುದು ಮಾತ್ರ ವಿಚಾರಾರ್ಹವಾದ ವಿಷಯ.

ಹೋಟೆಲುಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ 2 ಗಂಟೆಯ ಸುಮಾರಿಗೆ ಕೊಠಡಿ ದೊರೆತು, ಮರುದಿನ 11 ಅಥವಾ 12 ಗಂಟೆಗೆ ತೆರವು ಮಾಡಬೇಕಾಗುತ್ತದೆ. ದಸರೆಗೆಂದು ಮೈಸೂರಿಗೆ ಬಂದವನು ಹಗಲೆಲ್ಲ ಅರಮನೆಯಲ್ಲಿಯೂ ವಸ್ತುಪ್ರದರ್ಶನದಲ್ಲಿಯೂ ಸುತ್ತಿ, ಸಂಜೆಯ ದೀಪಾಲಂಕಾರವನ್ನು ಕಣ್ತುಂಬ ನೋಡಿ, ಕಾಲು ಸೋತು ಹಿಂದಿರುಗಿದೊಡನೆ ಹಾಸಿಗೆ ಸೇರುವವನಾದುದರಿಂದ, ಬಾಡಿಗೆ ಗಗನಕ್ಕೇರಿರುವ ಆ ದಿನಗಳಲ್ಲೇ ಸೂಟು ಹಿಡಿದರೆ, ತಾನು ಒಂದು ಗಳಿಗೆಯೂ ಕೂರದ ಹಜಾರಕ್ಕೆ ಬಾಡಿಗೆ ತೆತ್ತಂತಾಗುತ್ತದೆ. ಶುಚಿಯಾದ ಹಾಸಿಗೆ, ಬಿಸಿನೀರು, ನಿಶ್ಶಬ್ದ: ಅವನಿಗೆ ಇಷ್ಟು ಸಾಕು. ಆದರೆ ಆಷಾಢದ ಮಳೆ ಮಡಿಕೇರಿಯಲ್ಲಿ ಹಗಲಿರುಳೂ ಹೊಯ್ಯುತ್ತ, ಹೊರಗೆ ಹೆಜ್ಜೆಯಿಡುವುದೇ ದುಸ್ತರವಾದಾಗ, ಕಣಿವೆಯ ಮಂಜಿಗೆ ಎದುರಾಗಿ ತೆರೆಯುವ ಕಿಟಕಿಯೂ, ಕಾಫಿ ಕುಡಿಯುತ್ತ ಮಾತನಾಡಲು ಸ್ಥಳವೂ ಉಳ್ಳ ಬಿಡಾರವೇ ಪ್ರವಾಸದ ಸಾರಸರ್ವಸ್ವವಾಗಿಬಿಡುತ್ತದೆ. ಅದೇ ಕಾಲದಲ್ಲಿ, ವಿಶೇಷವಾಗಿ ವಾರದ ನಡುವೆ, ಬಾಡಿಗೆಯೂ ಇಳಿದಿರುವುದುಂಟು. ಎಚ್ಚರದಲ್ಲಿದ್ದು ಕೋಣೆಯೊಳಗೆ ಕಳೆಯುವ ಹೊತ್ತೆಷ್ಟು ಎಂಬುದೇ ನನ್ನ ಮಟ್ಟಿಗೆ ಈ ವೆಚ್ಚದ ನಿಜವಾದ ಅಳತೆಗೋಲು.

ಜೊತೆಯಲ್ಲಿರುವವರನ್ನೂ ಗಣನೆಗೆ ತರಬೇಕು. ತೊಟ್ಟಿಲ ಕೂಸನ್ನು ಮಲಗಿಸಿ ದೀಪವಾರಿಸಿದ ಮೇಲೆ ದಂಪತಿಗಳು ಕತ್ತಲಲ್ಲಿ ಪಿಸುಗುಟ್ಟುತ್ತ ಕೂರಬೇಕಾದ ಕಷ್ಟವನ್ನು ನಡುವಣ ಬಾಗಿಲೊಂದು ನೀಗಿಸುತ್ತದೆ. ಇಂಥವರಿಗೆ ಸೂಟು ಸಾರ್ಥಕ. ವೃದ್ಧರಾದ ತಂದೆತಾಯಿಗಳನ್ನು ಕರೆದೊಯ್ಯುವವರು ಮಾತ್ರ ಸ್ನಾನಗೃಹಗಳೆಷ್ಟು ಎಂದು ಮೊದಲೇ ಕೇಳತಕ್ಕದ್ದು. ಅನೇಕ ಸೂಟುಗಳಲ್ಲಿ ಇರುವುದೊಂದೇ. ಒಳಬಾಗಿಲಿನಿಂದ ಕೂಡಿಸಿದ ಎರಡು ಸಾಧಾರಣ ಕೊಠಡಿಗಳು ಹಲವು ವೇಳೆ ಅದಕ್ಕಿಂತ ಕಡಿಮೆ ಹಣಕ್ಕೆ ಹೆಚ್ಚಿನ ನೆಮ್ಮದಿಯನ್ನು ಒದಗಿಸುತ್ತವೆ. ಇನ್ನು ‘ಜೂನಿಯರ್ ಸೂಟ್’ ಎಂಬುದರಲ್ಲಿ ಬಹುಮಟ್ಟಿಗೆ ನಡುಗೋಡೆಯೇ ಇರುವುದಿಲ್ಲ. ಕೂಸಿನ ನಿದ್ರೆಗೆ ಅದರಿಂದ ಪ್ರಯೋಜನವಿಲ್ಲ.

ತೆರಿಗೆಯ ಲೆಕ್ಕವನ್ನೂ ಮರೆಯಲಾಗದು. 2025ರ ಸೆಪ್ಟೆಂಬರ್ 22ರಿಂದ ಜಾರಿಯಲ್ಲಿರುವ ವ್ಯವಸ್ಥೆಯಂತೆ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಜಿಎಸ್‌ಟಿ ಶೇಕಡಾ 5; ಅದನ್ನು ಮೀರಿದರೆ ಶೇಕಡಾ 18. ಆದುದರಿಂದ 7,500ರ ಕೊಠಡಿಗೆ ತೆರಿಗೆ ಸೇರಿ 7,875 ರೂಪಾಯಿಯಾದರೆ, 8,000ದ ಕೊಠಡಿಗೆ 9,440 ರೂಪಾಯಿ ಬೀಳುತ್ತದೆ. ತೆರಿಗೆಯು ನಿಜವಾಗಿ ವಸೂಲಾದ ಬಾಡಿಗೆಯ ಮೇಲೆ ಬೀಳುವುದರಿಂದ, ಈ ಗಡಿಯ ಆಸುಪಾಸಿನಲ್ಲಿ ಕೇಳಿ ಪಡೆದ ಅಲ್ಪ ರಿಯಾಯಿತಿಯೂ ದೊಡ್ಡ ಉಳಿತಾಯವಾಗಬಲ್ಲುದು.

ಬೆಂಗಳೂರಿನ ವಾರಾಂತ್ಯದ ಜನ ಹಿಂದಿರುಗಿದ ಬಳಿಕ, ಭಾನುವಾರದಿಂದ ಗುರುವಾರದವರೆಗಿನ ರಾತ್ರಿಗಳಲ್ಲಿ, ಸೂಟುಗಳು ಬರಿದಾಗಿರುವ ಸಂಭವ ಹೆಚ್ಚು. ಆಗ ಸಂಕೋಚಪಡದೆ ದರ ವಿಚಾರಿಸಿರಿ. ದೊರೆತರೆ, ಬಾಗಿಲು ತೆರೆದ ಗಳಿಗೆಯಲ್ಲೇ ಒಳಹೊಕ್ಕು, ತೆರವು ಮಾಡುವ ಹೊತ್ತಿನವರೆಗೆ ಬೇರಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳದಿರಿ.